ನೀಲಿ ತೊಟ್ಟಿಯವಳ ಮಗಳು

“ತಾಯೀನಾ ನೀನು? ಕಣ್ಣನ್ನೇನು ಮನೇಲಿ ಗೂಡಲ್ಲಿ ಇಟ್ಬಂದಿದ್ಯಾ? ಆರು ವರ್ಷ ಕಣಮ್ಮ, ಆರು ವರ್ಷ! ಮಗು ತುಟಿ ನೀಲಿ, ಉಗುರು ನೀಲಿ. ಹೆತ್ತವಳಿಗೆ ಕಾಣ್ಲೇ ಇಲ್ಲ ಅಂದ್ರೆ ನಂಬೋಕೆ ನಾನೇನು ಕಿವೀಲಿ ಹೂವ ಇಟ್ಕೊಂಡಿದ್ದೀನಾ?”

ಟ್ರಸ್ಟಿನ ಮೇಡಂ ಇಷ್ಟು ಹೇಳಿ ಮೇಜಿನ ಮೇಲಿದ್ದ ಲೋಟ ಎತ್ತಿ ನೀರು ಕುಡಿದಳು. ಬೈಯುವುದೂ ದಣಿವಿನ ಕೆಲಸವೇ. ಎದುರಿನ ಕುರ್ಚಿಯ ಮೇಲೆ ಹಳೇ ಪೇಪರು ಹಾಸಿತ್ತು. ಬಣ್ಣದ ಕಾರ್ಖಾನೆಯವರು ಬಂದಾಗಲೆಲ್ಲ ಹಾಸುತ್ತಾರೆ, ಕುರ್ಚಿಗೆ ಕಲೆಯಾಗಬಾರದಲ್ಲ. ನೀಲಿ ಅದರ ಮೇಲೆ ಕೂರಲಿಲ್ಲ. ಕೈಗಳೆರಡನ್ನೂ ಬೆನ್ನ ಹಿಂದೆ ಅಡಗಿಸಿಕೊಂಡು ನಿಂತೇ ಇದ್ದಳು.

ಹೆತ್ತವರಿಟ್ಟ ಹೆಸರು ಅವಳಿಗೆ ಬೇರೆ ಇದೆ. ಕಾರ್ಖಾನೆಯಲ್ಲಿ ಅದನ್ನು ಕೇಳುವವರಿಲ್ಲ. ಯಾವ ತೊಟ್ಟಿಯೋ ಆ ಹೆಸರು. ನೀಲಿ ತೊಟ್ಟಿಯವಳು ನೀಲಿ, ಕೆಂಪು ತೊಟ್ಟಿಯವಳು ಕೆಂಪಿ, ಹಳದಿ ತೊಟ್ಟಿಯ ಅಂಚಿನಲ್ಲೇ ಹಲ್ಲು ಉದುರಿಸಿಕೊಂಡವಳು ಹಳದಿ ಅಜ್ಜಿ. ಹನ್ನೊಂದು ವರ್ಷ ಥಾನುಗಟ್ಟಲೆ ಬಟ್ಟೆ ಅದ್ದಿ ಹಿಂಡಿ ನೀಲಿಯ ಕೈ ಮೊಣಕೈವರೆಗೆ ನೀಲಿ. ಸೋಪಿಗೆ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ. ಸತ್ತ ಮೇಲೆ ಹೋಗುತ್ತದೋ ಏನೋ, ನೋಡಿ ಬಂದು ಹೇಳಿದವರಿಲ್ಲ.

ಮಗಳು ಗುಬ್ಬಿ ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮೆಟ್ಟಿಲು ಹತ್ತಿದ ಸುಸ್ತು. ನಾಲ್ಕು ಹೆಜ್ಜೆ ಓಡಿದರೆ ಸಾಕು, ಹೀಗೆ ಕೂತುಬಿಡುತ್ತಿದ್ದಳು. ಅದಕ್ಕೇ ಕಾಲೋನಿಯವರೆಲ್ಲ ಗುಬ್ಬಿ, ಗುಬ್ಬಿ ಎಂದು ಕರೆದು ನಕ್ಕಿದ್ದರು. ನೀಲಿಯೂ ನಕ್ಕಿದ್ದಳು. ಹಾಗೆ ಕೂತರೆ ಎದೆಗೆ ಒಂದಿಷ್ಟು ಉಸಿರು ದಕ್ಕುತ್ತದೆ, ಮಗು ತಾನೇ ಕಂಡುಕೊಂಡ ಉಪಾಯ ಅದು ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ ದಿನದಿಂದ ಆ ನಗು ಅವಳ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿದೆ.

ಹೃದಯದಲ್ಲಿ ತೂತು. ಹುಟ್ಟುವಾಗಲೇ ಇದ್ದದ್ದು, ಯಾರ ತಪ್ಪೂ ಅಲ್ಲ ಎಂದಿದ್ದರು ಡಾಕ್ಟರು. ಈ ವರ್ಷದೊಳಗೆ ಆಪರೇಷನ್ ಆದರೆ ಎಲ್ಲ ಮಕ್ಕಳ ಹಾಗೆ ಓಡಾಡಿಕೊಂಡಿರುತ್ತಾಳೆ, ಆಗದಿದ್ದರೆ... ಎಂದು ಅಲ್ಲಿಗೇ ಮಾತು ನಿಲ್ಲಿಸಿದ್ದರು. ಖರ್ಚು ಕೊಡಲು ಒಂದು ಟ್ರಸ್ಟ್ ಇದೆ ಎಂದೂ ಅವರೇ ಹೇಳಿದ್ದು. ಯಾರ ಟ್ರಸ್ಟು ಅಂದರೆ ಧಣಿಯದೇ. ಬಣ್ಣದ ಕಾರ್ಖಾನೆಯ ಧಣಿ ತೀರಿಹೋದ ತನ್ನ ತಾಯಿಯ ನೆನಪಿಗೆ ಮಕ್ಕಳ ಹೃದಯ ಉಳಿಸಲು ಹೊರಟಿದ್ದ.

“ಮೇಡಂ, ನಮ್ಮ ಕಾಲೋನೀಲಿ ಎಲ್ಲಾ ಮಕ್ಕಳ ಉಗುರೂ ನೀಲೀನೇ,” ಎಂದಳು ನೀಲಿ. “ಕಾರ್ಖಾನೆ ನೀರು ನಮ್ಮ ಬೋರ್‌ವೆಲ್ಲಿಗೇ ಇಳಿಯುತ್ತೆ. ಸ್ನಾನಕ್ಕೂ ಅದೇ, ಬಟ್ಟೆಗೂ ಅದೇ. ಮಕ್ಕಳು ಆಡೋದೂ ಆ ಮೋರೀಲೇ. ಇದು ಬಣ್ಣ, ಇದು ರೋಗ ಅಂತ ನಾವು ಹೆಂಗೆ...”

ಪಕ್ಕದಲ್ಲಿದ್ದ ಗಂಡ ಮೊಣಕೈಯಿಂದ ತಿವಿದ. ಮೇಡಂ ಲೋಟ ಕೆಳಗಿಟ್ಟಳು.

“ಕಾರ್ಖಾನೆ ಮಾತು ಇಲ್ಲಿ ಎತ್ಬೇಡ. ಕಾರ್ಖಾನೆ ಬೇರೆ, ಟ್ರಸ್ಟ್ ಬೇರೆ. ಧಣಿಗಳು ಸುಮ್ಮನೆ ದುಡ್ಡು ಬಿಸಾಕೋರಲ್ಲ, ಜನಕ್ಕೆ ಬುದ್ಧಿ ಬರಬೇಕು ಅನ್ನೋರು. ಭಾನುವಾರ ಸಭೆ ಇದೆ. ನಿಮ್ಮ ಕಾಲೋನಿಯವರನ್ನೆಲ್ಲ ಲಾರೀಲಿ ಕರ್ಕೊಂಡು ಬರ್ತೀವಿ. ವೇದಿಕೆ ಹತ್ತಿ ನಿನ್ನ ತಪ್ಪೇನು ಅಂತ ನಿನ್ನ ಬಾಯಲ್ಲೇ ನೀನು ಹೇಳ್ಬೇಕು. ಮಾತು ಮೊದಲು, ಆಪರೇಷನ್ ಖರ್ಚಿನ ಕಾಗದ ಆಮೇಲೆ. ಹೋದ ಸಲ ಒಬ್ಬ ಕಾಗದ ಇಸ್ಕೊಂಡು, ಮೈಕು ಕೊಟ್ರೆ ಮೂಗನ ಹಂಗೆ ನಿಂತ್ಬಿಟ್ಟ.”

ಬರೆದುಕೊಟ್ಟರೆ ಓದಲು ಬರುವುದಿಲ್ಲ ಎಂದು ತಿಳಿದು ಮೇಡಂ ಗಂಡನ ಮೊಬೈಲನ್ನು ಎರಡು ಬೆರಳಲ್ಲಿ ಹಿಡಿದು ತನ್ನ ದನಿಯಲ್ಲೇ ಭಾಷಣ ತುಂಬಿಸಿಕೊಟ್ಟಳು. ಗುಬ್ಬಿ ಕೂತಲ್ಲಿಂದಲೇ ತಲೆಯೆತ್ತಿ ಅವಳಿಗೆ ನಾಲಿಗೆ ಚಾಚಿ ತೋರಿಸಿದಳು.

“ಸಂಸ್ಕಾರ ನೋಡು!” ಎಂದಳು ಮೇಡಂ.

*

ಕಾರ್ಖಾನೆಯ ತೊಟ್ಟಿಗಳಲ್ಲೆಲ್ಲ ನೀಲಿ ತೊಟ್ಟಿಯೇ ದೊಡ್ಡದು. ಅದ್ದಬೇಕು, ಎತ್ತಬೇಕು, ಗಾಳಿಗೆ ಹಿಡಿಯಬೇಕು, ಮತ್ತೆ ಅದ್ದಬೇಕು. ತೊಟ್ಟಿಯಿಂದ ಏಳುವಾಗ ಬಟ್ಟೆ ಹಸಿರಾಗಿರುತ್ತದೆ. ಗಾಳಿ ತಾಗಿದ ಮೇಲೆ ನೋಡನೋಡುತ್ತ ನೀಲಿಗೆ ತಿರುಗುತ್ತದೆ. ಬಟ್ಟೆ ಗಾಳಿ ಸಿಕ್ಕರೆ ನೀಲಿ, ನನ್ನ ಮಗು ಗಾಳಿ ಸಿಗದಿದ್ದರೆ ನೀಲಿ ಎಂದು ನೀಲಿಗೆ ಈಚೆಗೆ ಪ್ರತಿ ಥಾನು ಎತ್ತುವಾಗಲೂ ಅನ್ನಿಸುತ್ತಿತ್ತು.

ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಂಬದ ಮೊಳೆಗೆ ನೇತುಹಾಕಿದ್ದಳು. ಮೇಡಂ ದನಿ ಕವರಿನೊಳಗಿಂದ ಬಂತು:

“ನಾನು ಅವಿವೇಕಿ ತಾಯಿ. ನನ್ನ ಅಜ್ಞಾನ, ನನ್ನ ಕೊಳಕುತನ, ನನ್ನ ನಿರ್ಲಕ್ಷ್ಯದಿಂದ ನನ್ನ ಮಗು ಸಾವಿನ ಬಾಗಿಲಿಗೆ ಹೋಗಿತ್ತು...”

“ಅಯ್ಯೋ, ಮೇಡಮ್ಮೋರು ಅವರ ಬಗ್ಗೆ ಅವರೇ ಎಷ್ಟು ಚೆನ್ನಾಗಿ ಹೇಳ್ಕೋತಾರೆ ನೋಡೇ!” ಎಂದಳು ಕೆಂಪಿ, ಪಕ್ಕದ ತೊಟ್ಟಿಯಿಂದ.

ಹೆಂಗಸರೆಲ್ಲ ಥಾನು ಕೈಬಿಟ್ಟು ನಕ್ಕರು. ನೀಲಿಗೂ ನಗು ಬಂತು. ನಗುತ್ತಲೇ, “ಇದನ್ನ ನಾನು ಹೆಂಗೆ ಹೇಳ್ಲಿ ಅಕ್ಕಾ?” ಎಂದಳು.

“ಹೆಂಗೆ ಅಂದ್ರೆ? ಬಾಯಲ್ಲಿ. ಕಾರ್ಯವಾಸಿ ಕತ್ತೆಕಾಲು. ಕಾಗದ ಕೈಗೆ ಬಂದ್ಮೇಲೆ ಆ ಧಣಿ ಬೋಳಿಮಗನ ಮುಖ ನೋಡೋದು ಯಾರಿಗೆ ಬೇಕಾಗಿದೆ?” ಕೆಂಪಿ ಕೈ ಒರೆಸಿಕೊಂಡು ಕಂಬದ ನಡುವೆ ಕಟ್ಟಿದ ಜೋಲಿಯಿಂದ ತನ್ನ ಒಂದು ವರ್ಷದ ಕೂಸನ್ನು ಎತ್ತಿಕೊಂಡಳು. ಎದೆಗೆ ಹಚ್ಚಿದಳು. ಕೂಸು ಎರಡು ಗುಟುಕು ಕುಡಿದು, ಬೆವರಿ, ಬಿಟ್ಟುಬಿಟ್ಟಿತು. “ನೋಡು ಇವಳನ್ನ. ಎರಡು ಗುಟುಕು, ನಿದ್ದೆ. ಅವರಪ್ಪನ ಥರಾನೇ ಮೈಗಳ್ಳಿ.”

ಹಳದಿ ಅಜ್ಜಿ ನಗಲಿಲ್ಲ. ತೊಟ್ಟಿಯೊಳಗಿನ ಕೋಲು ಹಾಗೇ ಹಿಡಿದು, “ನನ್ನ ಎರಡನೇದೂ ಹಿಂಗೇ ಕುಕ್ಕರುಗಾಲಲ್ಲಿ ಕೂರ್ತಿತ್ತು,” ಎಂದಳು. “ಒಂದಿನ ಕೂತಿದ್ದು ಏಳ್ಲಿಲ್ಲ. ಆಗ ಟ್ರಸ್ಟೂ ಇರ್ಲಿಲ್ಲ, ಆ ರೋಗಕ್ಕೆ ಹೆಸರೂ ಇರ್ಲಿಲ್ಲ. ಹೇಳ್ಬಿಡೇ ನೀಲಿ. ಅವಿವೇಕಿ ಅನ್ನು, ಹಡಬೆ ಅನ್ನು, ಏನ್ ಬೇಕಾದ್ರೂ ಅನ್ನು. ಮಗು ಉಳಿಸ್ಕೋ.”

ಹೆಂಗಸರು ಮತ್ತೆ ಥಾನು ಎತ್ತಿಕೊಂಡರು. ಅಜ್ಜಿಯೇ ಸ್ವಲ್ಪ ಹೊತ್ತಿನ ಮೇಲೆ ಕ್ಯಾಕರಿಸಿ ಉಗಿದು, “ಗ್ಲೌಸು ಕೇಳಿದಾಗ ಏನಂದ ಅವನು, ಜ್ಞಾಪಕ ಇದ್ಯಾ?” ಎಂದಳು.

ಇತ್ತು. ಎಂಟು ವರ್ಷದ ಹಿಂದೆ, ಗುಬ್ಬಿ ಇನ್ನೂ ಹುಟ್ಟಿರಲಿಲ್ಲ, ಬೆರಳ ಸಂದಿ ಬಿರಿದು ರಕ್ತ ಬರುತ್ತಿದ್ದಾಗ ಹೆಂಗಸರೆಲ್ಲ ಒಟ್ಟಾಗಿ ಕೈಗವಸು ಕೇಳಿದ್ದರು. ಧಣಿ ತಾನೇ ತೊಟ್ಟಿಯ ತನಕ ಬಂದಿದ್ದ. “ಗ್ಲೌಸ್ ಹಾಕ್ಕೊಂಡ್ರೆ ಬಟ್ಟೆ ಹದ ಬೆರಳಿಗೆ ಗೊತ್ತಾಗಲ್ಲ ಕಣ್ರಮ್ಮ. ನಿಮ್ಮ ಬೆರಳೇ ನನ್ನ ಬಂಡವಾಳ,” ಎಂದು ನಕ್ಕಿದ್ದ. ಅಷ್ಟು ದೊಡ್ಡ ಮನುಷ್ಯ ತಮ್ಮ ಬೆರಳನ್ನು ಹೊಗಳಿದನಲ್ಲ ಎಂದು ಇವರೂ ಉಬ್ಬಿಹೋಗಿ ಮತ್ತೆ ಕೈ ಅದ್ದಿದ್ದರು.

“ಏನ್ರೇ ಅದು ಹರಟೆ? ನಿಮ್ಮಪ್ಪನ ಮನೆ ತೊಟ್ಟೀನಾ?” ಮೇಸ್ತ್ರಿ ಬಂದ. ಬಂದವನು ಮೊಳೆಯ ಮೇಲಿನ ಮೊಬೈಲಿಗೆ ಕಿವಿಗೊಟ್ಟು, ನೀಲಿಯ ಕಡೆ ತಿರುಗಿದ. “ನೆಟ್ಟಗೆ ಕಲಿತ್ಕೊ ಮುಂಡೇದೇ. ಒಂದಕ್ಷರ ಆಕಡೆ ಈಕಡೆ ಆಯ್ತೋ, ಆಪರೇಷನ್ನೂ ಇಲ್ಲ, ತೊಟ್ಟೀನೂ ಇಲ್ಲ.”

*

ಶನಿವಾರ ಸಂಜೆ ಗಂಡ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಪಾಠ ಒಪ್ಪಿಸಿಕೊಂಡ. ಅವನದು ಹಗ್ಗದ ಕೆಲಸ. ಒದ್ದೆ ಥಾನು ಹೊತ್ತು ಹಗ್ಗಕ್ಕೆ ಹಾಕಿ ಹಾಕಿ ಒಂದು ಭುಜ ಕೆಳಗಿಳಿದಿದೆ. ಒಂದೇ ಕೋಣೆ, ಒಂದೇ ಬಾಗಿಲು. ಬಾಗಿಲ ಬಳಿ ಗುಬ್ಬಿ ಹಳೇ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

“ನಾನು ಅವಿವೇಕಿ ತಾಯಿ,” ಎಂದಳು ನೀಲಿ. “ನನ್ನ ಅಜ್ಞಾನ, ನನ್ನ...” ನಿಂತಳು.

“ಕೊಳಕುತನ.”

“ಗೊತ್ತು.”

“ಗೊತ್ತಿದ್ರೆ ಹೇಳು. ಎಲುಬಿಲ್ಲದ ನಾಲಿಗೆ, ಹೊರಳಿಸೋಕೆ ಏನು ಕಷ್ಟ ನಿಂಗೆ?”

“ನೀನೇ ಹೇಳು ಹೋಗಯ್ಯಾ ಹಂಗಾದ್ರೆ! ಕೊಳಕ ಅಪ್ಪ, ಅವಿವೇಕಿ ಅಪ್ಪ ಅಂತ ಹೇಳು. ಅಪ್ಪನ್ನ ಯಾಕೆ ಹತ್ತಿಸಲ್ವಂತೆ ವೇದಿಕೆ? ಹೆತ್ತೋಳು ನಾನೊಬ್ಬಳೇನಾ?”

“ಹೇಳ್ತಿದ್ದೆ ಕಣೇ! ಕೇಳಿದ್ರೆ ಬೆತ್ತಲೆ ನಿಂತು ಹೇಳ್ತಿದ್ದೆ.” ಅವನು ದನಿ ಏರಿಸಿದ. ಗುಬ್ಬಿ ಇತ್ತ ತಿರುಗಿದ್ದು ಕಂಡು ಇಳಿಸಿದ. “ದಾನಕ್ಕೆ ಕೊಟ್ಟ ಎಮ್ಮೆ ಹಲ್ಲು ಹಿಡಿದು ನೋಡ್ಬಾರದು. ಅವನು ಎಂಥ ಕಳ್ಳ ಸೂಳೆಮಗ ಅಂತ ನಂಗೆ ಗೊತ್ತಿಲ್ವಾ? ನನ್ನ ಭುಜ ಮುರಿದು ಅವನು ಬಂಗ್ಲೆ ಎತ್ತಿಸಿದ. ಈಗ ಅದರಲ್ಲಿ ಒಂದು ಚೂರು ನನ್ನ ಮಗಳಿಗೆ ವಾಪಸ್ ಬರ್ತಿದೆ. ಭಿಕ್ಷೆ ಅನ್ನಲಿ, ದಾನ ಅನ್ನಲಿ, ನಾಯಿಗೆ ಹಾಕಿದ್ದು ಅನ್ನಲಿ. ನಾನು ಬಾಯಿ ಹಾಕ್ತೀನಿ.”

ನೀಲಿ ಗುಬ್ಬಿಯ ಮುಚ್ಚಳದ ಸಾಲನ್ನೇ ನೋಡಿದಳು. “ಸುಳ್ಳಾಗಿದ್ರೆ ನಾನೂ ಹೇಳ್ಬಿಡ್ತಿದ್ದೆ,” ಎಂದಳು ಆಮೇಲೆ. “ನಿಜ ಇರ್ಬೋದು ಅಂತ ನಂಗೇ ಅನ್ಸಿಬಿಟ್ಟಿದೆ ಕಣಯ್ಯಾ. ಅದಕ್ಕೇ ಆಗ್ತಿಲ್ಲ.”

ಅನ್ನಿಸದೆ ಏನು? ಜ್ವರ ಬಂದಾಗ ಆಸ್ಪತ್ರೆಯ ನರ್ಸು ಗುಬ್ಬಿಯ ಉಗುರನ್ನು ಸ್ಪಿರಿಟ್ಟು ಹಚ್ಚಿದ ಹತ್ತಿಯಿಂದ ಉಜ್ಜಿದ್ದಳು. ಹೋಗಲಿಲ್ಲ. ಬಣ್ಣದ ಕಾಲೋನಿಯವರಾ ಎಂದು ಕೇಳಿ, ಎಲ್ಲಿ ನಾಲಿಗೆ ಚಾಚು ಪುಟ್ಟಿ ಎಂದಿದ್ದಳು. ಚಾಚಿದ ನೀಲಿ ನಾಲಿಗೆ ನೋಡಿದ್ದೇ ನರ್ಸಿನ ಮುಖ ಬದಲಾಗಿತ್ತು. “ಬಣ್ಣ ಕೈಗೆ ಹತ್ತುತ್ತೆ, ತುಟಿಗೂ ಹತ್ತುತ್ತೆ. ನಾಲಿಗೆ ಹಿಂಗಿರಲ್ಲ ಕಣಮ್ಮ,” ಎಂದಿದ್ದಳು. ಇಷ್ಟೇ. ಆರು ವರ್ಷ ಅನ್ನ ತಿನ್ನಿಸಿದ ಬಾಯಿ. ಒಂದು ದಿನ ಬೆಳಕಿಗೆ ಹಿಡಿದು ನೋಡಿದ್ದರೆ ಆಗುತ್ತಿತ್ತು. ನಾಲಿಗೆ ನೋಡು ಎಂದು ಹೇಳಿಕೊಟ್ಟವರಾರು? ಆ ಪ್ರಶ್ನೆಗೆ ಉತ್ತರ ಇಲ್ಲ. ಆದರೂ ನೋಡಬೇಕಿತ್ತು ಎಂಬುದು ಹೋಗುವುದಿಲ್ಲ.

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಬಾಗಿಲಿಗೆ ಕರೆದುಕೊಂಡು ಬಂದು ಗುಬ್ಬಿಯ ನಾಲಿಗೆ ನೋಡುತ್ತಾಳೆ. ಗುಬ್ಬಿಗೆ ಅದೊಂದು ಆಟ. ಯಾರು ನಾಲ್ಕು ಮಾತಾಡಿದರೂ ನಾಲಿಗೆ ಚಾಚುತ್ತಾಳೆ.

“ಒಂದೇ ಸಲ,” ಎಂದ ಗಂಡ, ಅವಳ ನೀಲಿ ಕೈಯನ್ನು ತನ್ನ ಕೈಯಲ್ಲಿ ಹಿಡಿದು. “ಒಂದೇ ಸಲ ಹೇಳ್ಬಿಡೇ. ನಿನ್ನ ದಮ್ಮಯ್ಯ ಅಂತೀನಿ.”

ನೀಲಿ ಕಣ್ಣು ಮುಚ್ಚಿ ಮೊದಲಿಂದ ಕೊನೆವರೆಗೆ ಒಂದೂ ತಪ್ಪಿಲ್ಲದೆ ಹೇಳಿದಳು.

*

ಸಭಾಂಗಣದಲ್ಲಿ ಮುಂದಿನ ಮೂರು ಸಾಲು ಮೆತ್ತನೆ ಕುರ್ಚಿ, ಧಣಿಯ ನೆಂಟರಿಗೆ. ಆಮೇಲೆ ಹಗ್ಗ ಕಟ್ಟಿತ್ತು. ಹಗ್ಗದಾಚೆ ಕಾಲೋನಿಯವರು, ಅವರ ಬೆಂಚುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿತ್ತು.

ವೇದಿಕೆಯ ಪಕ್ಕದ ಕೋಣೆಯಲ್ಲಿ ಮೇಡಂ ನೀಲಿಯ ಕೈ ನೋಡಿ ಮುಖ ಕಿವುಚಿದಳು. “ಈ ಕೈ ಇಟ್ಕೊಂಡು ಧಣಿಗಳ ಪಕ್ಕ ನಿಲ್ತೀಯಾ? ಫೋಟೋದಲ್ಲಿ ಅಸಹ್ಯ. ತಗೋ, ಹಾಕ್ಕೋ.”

ಕೊಟ್ಟದ್ದು ಬಿಳೀ ಕೈಗವಸು. ಮೊಣಕೈವರೆಗೆ ಬರುವಂಥದ್ದು, ಹೊಚ್ಚಹೊಸದು.

ನೀಲಿ ಅದನ್ನು ತೊಟ್ಟು ಗುಬ್ಬಿಯನ್ನು ಕರೆದುಕೊಂಡು ವೇದಿಕೆ ಹತ್ತಿದಾಗ ಹಗ್ಗದಾಚೆಯಿಂದ ಹಳದಿ ಅಜ್ಜಿಯ ದನಿ ಇಡೀ ಸಭೆಗೆ ಕೇಳಿಸಿತು: “ಬಂತಲ್ರೇ ಗ್ಲೌಸು! ಎಂಟು ವರ್ಷಕ್ಕಾದ್ರೂ ಬಂತು!” ಮೇಸ್ತ್ರಿ ಅವಳ ಕಡೆ ಓಡಿದ.

ಧಣಿ ನಡುವಿನ ಕುರ್ಚಿಯಿಂದ ಎದ್ದ. ಕೈಯಲ್ಲಿ ಕಾಗದ, ಅಡಿಯಲ್ಲಿ ಅವನ ಸಹಿ, ಮೊಹರು. ಪಕ್ಕದಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು. ಫೋಟೋದವನು ಕೆಳಗೆ ಮಂಡಿಯೂರಿದ. ಮೆಟ್ಟಿಲು ಹತ್ತಿ ಬಂದ ಗುಬ್ಬಿ ಎಂದಿನಂತೆ ಕುಕ್ಕರುಗಾಲಲ್ಲಿ ಕೂತಳು.

“ಏಯ್, ಮಗೂನ ನೆಟ್ಟಗೆ ನಿಲ್ಸಿ. ಬಯಲಿಗೆ ಹೋಗೋರ ಹಂಗೆ ಕೂತಿದೆ,” ಎಂದ ಧಣಿ ಮೆಲ್ಲಗೆ. ಮುಂದಿನ ಸಾಲು ನಕ್ಕಿತು.

ಮೇಡಂ ಬಂದು ಗುಬ್ಬಿಯ ರಟ್ಟೆ ಹಿಡಿದು ಎತ್ತಿದಳು. ಗುಬ್ಬಿ ಮತ್ತೆ ಕೂತಳು. ಮತ್ತೆ ಎತ್ತಿದಳು, ಬಿಡದೆ ಹಿಡಿದುಕೊಂಡಳು. ಮಗುವಿನ ಬಾಯಿ ತೆರೆಯಿತು, ಮೂಗಿನ ಹೊಳ್ಳೆ ಅಗಲವಾಯಿತು, ಕತ್ತಿನ ಗುಳಿ ಒಳಕ್ಕೆ ಎಳೆದುಕೊಂಡಿತು. ಫೋಟೋದವನು, ಇಲ್ಲಿ ನೋಡು ಪುಟ್ಟಿ, ಎಂದ.

“ಬಿಡ್ರೀ ಅವಳನ್ನ,” ಎಂದಳು ನೀಲಿ.

“ಒಂದೇ ನಿಮಿಷ...”

“ಬಿಡೇ ಅಂದೆ!”

ಮೈಕು ಅಷ್ಟರಲ್ಲೇ ಅವಳ ಕೈಗೆ ಬಂದಿತ್ತು. ಮಾತು ಸಭಾಂಗಣದ ಮೂಲೆಮೂಲೆಗೂ ಹೋಯಿತು. ಮೇಡಂ ಕೈ ಬಿಟ್ಟಳು. ಗುಬ್ಬಿ ಕೂತಳು. ನೀಲಿ ಕೆಳಗೆ ನೋಡಿದಳು. ವೇದಿಕೆಯ ಮೆಟ್ಟಿಲ ಬಳಿ ಗಂಡ ಕೈಮುಗಿದುಕೊಂಡು ನಿಂತಿದ್ದ, ಧಣಿಗಲ್ಲ, ಅವಳಿಗೆ.

“ನಾನು ಅವಿವೇಕಿ ತಾಯಿ,” ಎಂದಳು ನೀಲಿ. ಗಂಡ ಉಸಿರು ಬಿಟ್ಟ. “ನನ್ನ ಅಜ್ಞಾನ, ನನ್ನ ಕೊಳಕುತನ...”

ಅಲ್ಲಿಗೆ ನಿಂತಿತು. ಅವಳು ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು ಬಲಗೈ ಕೈಗವಸು ಎಳೆದಳು, ಬರಲಿಲ್ಲ, ಹಲ್ಲಲ್ಲಿ ಕಚ್ಚಿ ಎಳೆದು ಉಗಿದಳು. ಎಡಗೈಯದನ್ನೂ. ಮೈಕನ್ನು ಮತ್ತೆ ಬಾಯಿಗೆ ಹಿಡಿದಳು.

“ಈ ಕೊಳಕು ನಂದಲ್ಲ. ಧಣಿಗಳದ್ದು. ನಾನು ಬರೀ ಇಟ್ಕೊಂಡಿದ್ದೀನಿ.” ಕೈ ಎತ್ತಿದಳು. “ಕಾಲೋನಿ ಮಕ್ಕಳೆಲ್ಲ ಕೈ ಎತ್ರೋ! ಎತ್ರೋ, ಮೇಸ್ತ್ರಿ ಏನೂ ಮಾಡಲ್ಲ. ಡಾಕ್ಟ್ರೇ, ಇಷ್ಟು ಮಕ್ಕಳ ಉಗುರು ನೋಡಿ. ಇದ್ರಲ್ಲಿ ಯಾವುದು ಬಣ್ಣ, ಯಾವುದು ರೋಗ? ನಾನು ಅವಿವೇಕಿ. ನೀವು ಹೇಳಿ.”

ಹಗ್ಗದಾಚೆ ಸಣ್ಣ ಕೈಗಳು ಎದ್ದವು. ಉಗುರೆಲ್ಲ ಒಂದೇ ಬಣ್ಣ. ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದರು, ಧಣಿಯ ಮುಖ ನೋಡಿದರು, ಮತ್ತೆ ಕೈಗಳನ್ನು ನೋಡಿದರು.

“ಉಗುರು ನೋಡಿ ಹೇಳೋಕಾಗಲ್ಲ,” ಎಂದರು.

“ಕೇಳಿದ್ರಾ? ಅಷ್ಟೊಂದು ಓದಿದವರಿಗೇ ಆಗಲ್ವಂತೆ!”

“ಮೈಕ್ ಆಫ್ ಮಾಡ್ರೋ!” ಎಂದು ಧಣಿ ಕೂಗಿದ. ಯಾರೋ ಆಫ್ ಮಾಡಿದರು. ನೀಲಿ ಸತ್ತ ಮೈಕನ್ನು ಕೆಳಗೆ ಬಿಟ್ಟು, ತೊಟ್ಟಿಯಿಂದ ತೊಟ್ಟಿಗೆ ಕೂಗಿ ಪಳಗಿದ ಗಂಟಲಲ್ಲಿ ಕೂಗಿದಳು:

“ನಾಲಿಗೆ ನೋಡ್ರೇ! ಉಗುರು ಬಿಡಿ, ತುಟಿ ಬಿಡಿ, ನಿಮ್ಮ ನಿಮ್ಮ ಮಕ್ಕಳ ನಾಲಿಗೆ ನೋಡಿ! ನಂಗೆ ಯಾರೂ ಹೇಳ್ಲಿಲ್ಲ. ನಾನು ಹೇಳ್ತಿದ್ದೀನಿ, ಈಗಲೇ ನೋಡ್ರೇ!”

ಬೆಂಚುಗಳ ಮೇಲೆ ತಾಯಂದಿರು, ತಂದೆಯರು ಮಕ್ಕಳ ಗಲ್ಲ ಹಿಡಿದು ತಿರುಗಿಸಿದರು. ಪ್ಲಾಸ್ಟಿಕ್ ಹಾಳೆ ಚರಚರ ಎಂದಿತು. ಮೇಸ್ತ್ರಿ, “ಕೂತ್ಕೊಳ್ರೋ, ಹಲ್ಕಾ ನನ್ಮಕ್ಳಾ!” ಎನ್ನುತ್ತ ಸಾಲಿನಿಂದ ಸಾಲಿಗೆ ಓಡಿದ. ಯಾರೂ ಅವನ ಕಡೆ ನೋಡಲಿಲ್ಲ.

ಧಣಿ ಕಾಗದ ಮಡಚಿ ಜೇಬಿನ ಕಡೆ ಒಯ್ದ. ಅದು ಜೇಬು ತಲುಪಲಿಲ್ಲ. ಗಂಡ ಮೆಟ್ಟಿಲು ಹತ್ತಿ ಬಂದು ಅದರ ಇನ್ನೊಂದು ತುದಿ ಹಿಡಿದಿದ್ದ. ಎಂದೂ ಧಣಿಯ ಎದುರು ತಲೆ ಎತ್ತದವನು ಈಗಲೂ ಎತ್ತಿರಲಿಲ್ಲ. ಕಾಗದವನ್ನೇ ನೋಡುತ್ತಿದ್ದ.

“ಬಿಡೋ,” ಎಂದ ಧಣಿ.

“ಇಲ್ಲ ಧಣಿ.”

“ಹರಿದುಹೋಗುತ್ತೆ. ನಿನ್ನ ಮಗಳದ್ದೇ ಅದು.”

“ಅದಕ್ಕೇ ಧಣಿ, ಬಿಡಲ್ಲ.”

ಎಳೆದರೆ ಹರಿಯುತ್ತದೆ. ಇಬ್ಬರೂ ಎಳೆಯಲಿಲ್ಲ, ಇಬ್ಬರೂ ಬಿಡಲಿಲ್ಲ.

ಹಗ್ಗ ದಾಟಿ, ಮೆತ್ತನೆ ಕುರ್ಚಿಗಳ ನಡುವೆ ಯಾರ ಕಾಲು ತುಳಿದೆನೆಂದು ನೋಡದೆ ಕೆಂಪಿ ಬರುತ್ತಿದ್ದಳು. ಕಂಕುಳಲ್ಲಿ ಕೂಸು. ಅದರ ಬಾಯನ್ನು ತನ್ನ ಕೆಂಪು ಬೆರಳೆರಡರಿಂದ ತೆರೆದು ಹಿಡಿದಿದ್ದಳು. ವೇದಿಕೆಯ ಅಂಚಿಗೆ ಬಂದು ಕೂಸನ್ನು ಡಾಕ್ಟರ ಕಡೆಗೆ ಎತ್ತಿ ಹಿಡಿದಳು.

“ಡಾಕ್ಟ್ರೇ,” ಎಂದಳು. “ಇದು ಯಾವ ಬಣ್ಣ?”

ಡಾಕ್ಟರು ವೇದಿಕೆಯಿಂದ ಕೆಳಗಿಳಿದರು. ಕೂಸಿನ ಬಾಯಿಗೆ ಬಾಗಿದವರು ತುಂಬ ಹೊತ್ತು ತಲೆ ಎತ್ತಲಿಲ್ಲ. ಕೆಂಪಿಯ ಹಿಂದೆ ಮತ್ತೊಬ್ಬ ಅಪ್ಪ ಮಗುವನ್ನು ಹೆಗಲ ಮೇಲೆ ಹೊತ್ತು ಹಗ್ಗ ದಾಟುತ್ತಿದ್ದ.

ಕಾಗದ ಒಂದೇ ಇತ್ತು.

ಗುಬ್ಬಿಗೆ ಉಸಿರು ಮರಳಿತ್ತು. ಕುಕ್ಕರುಗಾಲಲ್ಲಿ ಕೂತಲ್ಲಿಂದಲೇ ಅವಳು ಧಣಿಗೆ ನಾಲಿಗೆ ಚಾಚಿ ತೋರಿಸಿದಳು. ಹಗ್ಗದಾಚೆ, ಬೆಂಚು ಹತ್ತಿದ, ಹೆಗಲೇರಿದ ಕಾಲೋನಿಯ ಮಕ್ಕಳೆಲ್ಲ ವೇದಿಕೆಯ ಕಡೆಗೆ ನಾಲಿಗೆ ಚಾಚಿ ನಿಂತಿದ್ದವು. ಸಾಕು, ಒಳಗೆ ಹಾಕಿಕೊಳ್ಳಿ ಎಂದು ಯಾರೂ ಹೇಳಲಿಲ್ಲ.